ಅಳತೆಗೆ ತಕ್ಕ ಅಡುಗೆಮನೆ: ಮೈಕಾ ಅಂಟಿಸುವ ಮುನ್ನ ಗಮನಿಸಿ

ಬೆಂಗಳೂರು: ಹೊಸ ಮನೆ ಕೈಸೇರಿದ ಕೂಡಲೇ ಎದುರಾಗುವ ದೊಡ್ಡ ಖರ್ಚು ಅಡುಗೆಮನೆಯದು. ಕಾರ್ಖಾನೆಯಲ್ಲಿ ಸಿದ್ಧವಾದ ಮಾಡ್ಯುಲರ್ ಕಪಾಟುಗಳನ್ನು ತಂದು ಜೋಡಿಸುವುದೇ ಅಥವಾ ಬಡಗಿಗಳನ್ನು ಕರೆಸಿ ಮನೆಯಲ್ಲಿಯೇ ಅಳತೆಗೆ ಮಾಡಿಸುವುದೇ ಎಂಬ ಜಿಜ್ಞಾಸೆ ಬಹುತೇಕ ಗೃಹಸ್ಥರನ್ನು ಕಾಡುತ್ತದೆ.

ವ್ಯತ್ಯಾಸ ತಿಳಿಯಲು ಗೋಡೆಯಿಂದಲೇ ಆರಂಭಿಸಬೇಕು. ಸಿದ್ಧ ಕಪಾಟುಗಳು ಸಾಮಾನ್ಯವಾಗಿ 300, 450, 600, 900 ಮಿ.ಮೀ. ಅಗಲದಲ್ಲಿ ಬರುತ್ತವೆ. ಗೋಡೆ 10 ಅಡಿ, ಅಂದರೆ ಸುಮಾರು 3,050 ಮಿ.ಮೀ. ಉದ್ದವಿದ್ದರೆ 600ರ ಐದು ಕಪಾಟುಗಳನ್ನು ಕೂರಿಸಿದ ಬಳಿಕ 50 ಮಿ.ಮೀ. ಸಂದು ಉಳಿಯುತ್ತದೆ. ಅದನ್ನು ಪಟ್ಟಿಯೊಂದರಿಂದ ಮುಚ್ಚಲಾಗುತ್ತದೆ. ಗಾರೆಯ ಗೋಡೆಗಳು ಮೂಲೆಮಟ್ಟಕ್ಕೆ ಸರಿಹೊಂದುವುದೂ ಅಪರೂಪ. ಅನುಭವಿ ಬಡಗಿಗಳು ಹಲಗೆಯನ್ನು ಗೋಡೆಗೆ ಒತ್ತಿ ಹಿಡಿದು, ಗೋಡೆಯ ಉಬ್ಬುತಗ್ಗನ್ನೇ ಪೆನ್ಸಿಲಿನಿಂದ ಅದರ ಮೇಲೆ ಗುರುತಿಸಿ, ಕೀಸುಳಿಯಿಂದ ಹೆರೆದು ಕೂರಿಸುತ್ತಾರೆ. ಸಂದಿನ ಮಾತೇ ಬರುವುದಿಲ್ಲ.

ಎತ್ತರದ ವಿಷಯವೂ ಅಷ್ಟೇ. ಕೆಲಸದ ಕಟ್ಟೆ ಅಡುಗೆ ಮಾಡುವವರ ಮೊಣಕೈಗಿಂತ ಸುಮಾರು ನಾಲ್ಕರಿಂದ ಆರು ಇಂಚು ಕೆಳಗಿದ್ದರೆ ಭುಜಕ್ಕೆ ಆಯಾಸವಾಗದು. ಜೋಳದ ರೊಟ್ಟಿ ತಟ್ಟುವವರಿಗೆ ಇನ್ನೂ ತಗ್ಗಾದ ಕಟ್ಟೆ ಬೇಕಾಗಬಹುದು. ಒಲೆಯ ಮೇಲೆ ಕುಕ್ಕರ್ ಏರಿದಾಗ ಅದರ ಬಾಯಿ ಎಲ್ಲಿಗೆ ಬರುತ್ತದೆ, ವೆಟ್ ಗ್ರೈಂಡರ್ ಎಲ್ಲಿ ಕೂರುತ್ತದೆ ಎಂಬುದನ್ನು ಯಾವ ಕ್ಯಾಟಲಾಗೂ ಕೇಳುವುದಿಲ್ಲ.

ಹಾಗೆಂದು ಕೈಕೆಲಸವೆಲ್ಲ ಶ್ರೇಷ್ಠವೆಂದು ಭಾವಿಸಬೇಕಿಲ್ಲ. ಯಂತ್ರದಲ್ಲಿ ಅಂಟಿಸಿದ ಅಂಚುಪಟ್ಟಿ ಕೈಯಿಂದ ಅಂಟಿಸಿದ್ದಕ್ಕಿಂತ ಸಾಮಾನ್ಯವಾಗಿ ಬಿಗಿಯಾಗಿರುತ್ತದೆ. ತೇವ ಒಳನುಗ್ಗುವುದೇ ಅಂಚಿನಿಂದ.

ನಿಜವಾದ ಅಪಾಯವಿರುವುದು ಪ್ಲೈವುಡ್‌ನಲ್ಲಿ. ಭಾರತೀಯ ಮಾನಕ ಐಎಸ್ 303ರ ಅಡಿಯಲ್ಲಿ ಎಂಆರ್ ಮತ್ತು ಬಿಡಬ್ಲ್ಯುಆರ್ ಎಂಬ ದರ್ಜೆಗಳಿವೆ. ಮೊದಲನೆಯದು ಗಾಳಿಯ ತೇವವನ್ನಷ್ಟೇ ತಾಳಬಲ್ಲದು. ಪುಸ್ತಕದ ಕಪಾಟಿಗೆ ಸಾಕು. ಎರಡನೆಯದು ಕುದಿನೀರಿಗೂ ಬಗ್ಗದಂಥದು. ಮೆರೈನ್ ಪ್ಲೈವುಡ್‌ನ ಮಾನಕ ಐಎಸ್ 710. ಅದರ ಪರೀಕ್ಷೆಯಲ್ಲಿ ಹಲಗೆಯ ತುಂಡುಗಳನ್ನು 72 ಗಂಟೆ ಕುದಿಸಿ ಅಂಟು ಬಿಡುವುದೇ ಎಂದು ನೋಡಲಾಗುತ್ತದೆ. ಸಿಂಕಿನ ಕೆಳಗಿನ ಕಪಾಟಿಗಾದರೂ ಈ ಕೊನೆಯ ಎರಡರಲ್ಲೊಂದು ಇರಲೇಬೇಕು. ಅಂಗಡಿಯವರು ಹೇಳುವ 'ವಾಟರ್‌ಪ್ರೂಫ್' ಎಂಬ ಬಾಯಿಮಾತಿಗಿಂತ ಹಲಗೆಯ ಮೇಲೆ ಒತ್ತಿದ ಐಎಸ್‌ಐ ಮುದ್ರೆ ಹಾಗೂ ಮಾನಕ ಸಂಖ್ಯೆಯನ್ನು ನಂಬುವುದು ಲೇಸು. ಅದನ್ನು ಹಲಗೆ ಕತ್ತರಿಸುವ ಮುನ್ನವೇ ನೋಡಬೇಕು. ಮೈಕಾ ಅಂಟಿಸಿದ ಬಳಿಕ ಒಳಗಿರುವುದು ಯಾವ ದರ್ಜೆಯದೆಂದು ಗೊತ್ತಾಗುವುದು ಅದು ಉಬ್ಬಿದಾಗಲೇ.

ದರದಲ್ಲಿಯೂ ಗೊಂದಲವುಂಟು. ಬಡಗಿಗಳು ಚದರಡಿಗೆ ಇಷ್ಟು ಎಂದು ಹೇಳುವಾಗ ಬಹುತೇಕ ಎಣಿಸುವುದು ಮುಂಭಾಗವನ್ನು ಮಾತ್ರ. 10 ಅಡಿ ಉದ್ದ, ಎರಡೂವರೆ ಅಡಿ ಎತ್ತರದ ಕಪಾಟಿಗೆ 25 ಚದರಡಿ. ಒಳಗಿನ ತಟ್ಟೆಗಳು, ಡ್ರಾಯರ್, ಚಾನಲ್, ಒಳಮೈಯ ಮೈಕಾ ಇದರಲ್ಲಿ ಸೇರಿವೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಬೇಕು. ಕೊನೆಯ ಕಂತನ್ನು ಬಾಗಿಲುಗಳ ಓರೆ ತಿದ್ದಿಸಿ, ಸಿಂಕಿನಲ್ಲಿ ನೀರು ಬಿಟ್ಟು ಕೆಳಗೆ ಸೋರದಿರುವುದನ್ನು ಕಣ್ಣಾರೆ ಕಂಡ ನಂತರ ಪಾವತಿಸಿದರಾಯಿತು.