ನಾಲ್ಕು ಡೋಸ್, ಐದು ದಿನದ ಕೂಲಿ

2022ರ ಏಪ್ರಿಲ್ 10ರಂದು ಹದಿನೆಂಟು ದಾಟಿದ ಎಲ್ಲರಿಗೂ ಕೋವಿಡ್ ಬೂಸ್ಟರ್ ಸಿಗತೊಡಗಿದಾಗ ಖಾಸಗಿ ಆಸ್ಪತ್ರೆಯಲ್ಲಿ ಒಂದು ಡೋಸಿಗೆ 386 ರೂಪಾಯಿ 25 ಪೈಸೆ. ಲಸಿಕೆಗೆ 225, ಅದರ ಮೇಲೆ ಶೇ. 5 ಜಿಎಸ್‌ಟಿ, ಚುಚ್ಚುವ ಶುಲ್ಕ ಹೆಚ್ಚೆಂದರೆ 150. ಕೋವಿಶೀಲ್ಡ್‌ಗೆ 600, ಕೊವ್ಯಾಕ್ಸಿನ್‌ಗೆ 1,200 ಎಂದಿದ್ದ ದರವನ್ನು ಕಂಪನಿಗಳು ಹಿಂದಿನ ದಿನವಷ್ಟೇ 225ಕ್ಕೆ ಇಳಿಸಿದ್ದವು. ಆ ವರ್ಷ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 309 ರೂಪಾಯಿ. ನಾಲ್ಕು ಜನರಿರುವ ಮನೆಗೆ ಬೂಸ್ಟರ್ ಖರ್ಚು 1,545. ಸರಿಯಾಗಿ ಐದು ದಿನದ ಕೂಲಿ.

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಲೆಕ್ಕ ಇಲ್ಲಿಂದಲೇ ಶುರುವಾಗಬೇಕು. 2011ರ ಜನಗಣತಿಯ ಹೊತ್ತಿಗೆ ಕಡಬ ಪ್ರತ್ಯೇಕ ತಾಲೂಕಾಗಿರಲಿಲ್ಲ. ಅಂದಿನ ಪುತ್ತೂರು, ಸುಳ್ಯ ಎರಡೂ ಸೇರಿ ಸುಮಾರು 4.33 ಲಕ್ಷ ಜನ. ಅರವತ್ತು ದಾಟಿದವರಿಗೆ, ಆರೋಗ್ಯ ಕಾರ್ಯಕರ್ತರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಿತ್ತು. ದುಡಿಯುವ ವಯಸ್ಸಿನವರಿಗೆ ಮಾತ್ರ ಮೂರು ತಿಂಗಳು ದುಡ್ಡು ಕೊಟ್ಟೇ ಆಗಬೇಕಿತ್ತು.

ಯಾವ ಲಸಿಕೆ ಎಂಬ ಪ್ರಶ್ನೆಗೆ ಆಗ ಉತ್ತರ ಒಂದೇ: ಮೊದಲೆರಡು ಡೋಸ್ ಯಾವುದೋ ಮೂರನೆಯದೂ ಅದೇ. ಬೇರೆಯದನ್ನು ಆರಿಸಿಕೊಳ್ಳುವ ಅವಕಾಶ ಬಂದದ್ದು ಆಗಸ್ಟ್ 12ರಿಂದ. ಕೋವಿಶೀಲ್ಡ್ ಅಥವಾ ಕೊವ್ಯಾಕ್ಸಿನ್ ಪಡೆದವರು ಕೋರ್ಬೆವ್ಯಾಕ್ಸ್ ಹಾಕಿಸಿಕೊಳ್ಳಬಹುದು ಎಂದಾಯಿತು. ಖಾಸಗಿಯಲ್ಲಿ ಎಲ್ಲ ಸೇರಿ 400 ರೂಪಾಯಿ. 2023ರ ಜನವರಿ 26ರಂದು ಮೂಗಿಗೆ ಬಿಡುವ ಇನ್‌ಕೊವ್ಯಾಕ್ ಬಂತು. ಸೂಜಿಯಿಲ್ಲ, ಒಂದೊಂದು ಹೊಳ್ಳೆಗೆ ನಾಲ್ಕು ಹನಿ. ಬೆಲೆ 800, ತೆರಿಗೆ ಮತ್ತು ಶುಲ್ಕ ಸೇರಿದರೆ 990. ಅದೇ ವರ್ಷ ಕೊವೊವ್ಯಾಕ್ಸ್ 225 ಮತ್ತು ಜಿಎಸ್‌ಟಿ. ಜೂನ್‌ನಲ್ಲಿ ಬಂದ ಎಂಆರ್‌ಎನ್‌ಎ ಲಸಿಕೆ ಜೆಮ್‌ಕೊವ್ಯಾಕ್-ಓಎಂಗೆ 2,292. ಸುಳ್ಯದವರು ಇಂಥದ್ದೊಂದಕ್ಕಾಗಿ ಮಂಗಳೂರಿಗೆ ಹೋಗುವುದಾದರೆ ಒಂದು ದಿಕ್ಕಿಗೇ 85 ಕಿಲೋಮೀಟರ್ ಆಸುಪಾಸು. ಬಸ್ಸಿನ ದುಡ್ಡು, ಒಂದು ದಿನದ ದುಡಿಮೆ ಎರಡೂ ಹೋದವು. ಆಯ್ಕೆಗಳು ಹೆಚ್ಚುತ್ತ ಹೋದಂತೆ ಬೆಲೆಯೂ ಏರಿತು, ಕೊಳ್ಳುವವರ ಕೋವಿಡ್ ಭಯವಂತೂ ಅಷ್ಟರಲ್ಲಿ ಇಳಿದುಹೋಗಿತ್ತು.

ಉಚಿತ ಅಭಿಯಾನ ನಡೆದದ್ದು 2022ರ ಜುಲೈ 15ರಿಂದ ಸೆಪ್ಟೆಂಬರ್ 30ರವರೆಗೆ. ದೆಹಲಿಯಲ್ಲಿ ಕುಳಿತು ನೋಡಿದರೆ ಅದು ಸ್ವಾತಂತ್ರ್ಯದ ಅಮೃತ ಮಹೋತ್ಸವ. ಇಲ್ಲಿಯ ಅಡಿಕೆ ತೋಟಗಳಲ್ಲಿ ಅದು ಕೊಳೆರೋಗದ ಕಾಲ. ಮಳೆ ಎರಡು ದಿನ ಹೊಳವಾದರೆ ಸಾಕು, ಮೈಲುತುತ್ತು-ಸುಣ್ಣ ಕಲಸಿ ಮದ್ದು ಬಿಡಬೇಕು. ಮರ ಏರುವವರ ದಿನಗೂಲಿ ಸಾವಿರ ದಾಟಿದೆ. ಅವರು ಸಿಗುವುದೇ ಕಷ್ಟ. ಚುಚ್ಚಿಸಿಕೊಂಡ ಮರುದಿನ ತೋಳು ನೋವು, ಮೈ ಬಿಸಿ ಎಂದು ಮರ ಏರಲಾಗದೆ ಹೋದರೆ, ಉಚಿತ ಲಸಿಕೆಗೆ ಅವರು ತೆರುವ ಬೆಲೆ ಖಾಸಗಿ ಆಸ್ಪತ್ರೆಯ ಬಿಲ್ಲಿಗಿಂತ ಎರಡೂವರೆ ಪಟ್ಟು ಹೆಚ್ಚು. ಇದರ ನಡುವೆ ಜುಲೈ 26ರಂದು ಸುಳ್ಯ ತಾಲೂಕಿನ ಬೆಳ್ಳಾರೆಯಲ್ಲಿ ನಡೆದ ರಾಜಕೀಯ ಕಾರ್ಯಕರ್ತನ ಕೊಲೆಯ ಬಳಿಕ ಈ ತಾಲೂಕುಗಳಲ್ಲಿ ನಿಷೇಧಾಜ್ಞೆ ಬೇರೆ.

ಸೀಸೆಯ ಲೆಕ್ಕವೂ ಇದೆ. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ 5 ಮಿಲಿಲೀಟರ್, ತಲಾ ಅರ್ಧದಂತೆ ಹತ್ತು ಡೋಸ್. ಮುಚ್ಚಳಕ್ಕೆ ಸೂಜಿ ಚುಚ್ಚಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಮಳೆಗಾಲದ ಮಧ್ಯಾಹ್ನ ಗುಡ್ಡದ ಬದಿಯ ಉಪಕೇಂದ್ರಕ್ಕೆ ಮೂವರು ಬಂದರೆ ಸೀಸೆ ತೆರೆಯಬೇಕೋ, ನಾಳೆ ಬನ್ನಿ ಎನ್ನಬೇಕೋ? ನಾಳೆ ಬನ್ನಿ ಎಂದರೆ ಮತ್ತೆ ಬರುವವರು ಕಡಿಮೆ. ಮೂವರಿಗೇ ಆದರೂ ತೆರೆಯಬೇಕಿತ್ತು ಎಂಬುದು ನನ್ನ ನಿಲುವು. ಏಳು ಡೋಸ್ ಚೆಲ್ಲಿದ ನಷ್ಟ ಲೆಕ್ಕಪುಸ್ತಕದಲ್ಲಿ ಕಾಣುತ್ತದೆ, ಹಿಂತಿರುಗಿ ಹೋದ ಮೂವರು ಎಲ್ಲಿಯೂ ಕಾಣುವುದಿಲ್ಲ. 2022ರ ಕೊನೆಗೆ ರಾಜ್ಯದಲ್ಲಿ ಬೂಸ್ಟರ್ ಪಡೆದವರು ಐವರಲ್ಲಿ ಒಬ್ಬರ ಆಸುಪಾಸು.

ಇನ್ನು ಅಡ್ಡಪರಿಣಾಮ. ಕೊವ್ಯಾಕ್ಸಿನ್‌ನ ಮೂರನೇ ಹಂತದ ಪ್ರಯೋಗದಲ್ಲಿ 25,798 ಮಂದಿ ಇದ್ದರು. ಲಸಿಕೆ ಪಡೆದವರಲ್ಲಿ ಶೇ. 12.4 ಮಂದಿಗೆ ಏನಾದರೊಂದು ತೊಂದರೆ ಕಂಡಿತು. ಬರೀ ತೋರಿಕೆಯ ಚುಚ್ಚುಮದ್ದು ಪಡೆದವರಲ್ಲೂ ಅಷ್ಟೇ, ಶೇ. 12.4. ಜನ ನಿಜವಾಗಿ ಹೆದರಿದ್ದು ಕೋವಿಶೀಲ್ಡ್‌ಗೆ, ರಕ್ತ ಹೆಪ್ಪುಗಟ್ಟುತ್ತದೆ ಎಂದು. ಆ ಭಯಕ್ಕೆ ಬುಡವಿಲ್ಲ ಎನ್ನಲಾಗದು. 2021ರ ಮೇ 17ರಂದು ಕೇಂದ್ರ ಸರ್ಕಾರವೇ ಹೇಳಿದಂತೆ, ಪರಿಶೀಲಿಸಿದ 498 ಗಂಭೀರ ಪ್ರಕರಣಗಳಲ್ಲಿ 26 ಹೆಪ್ಪುಗಟ್ಟಿದ ಶಂಕೆಯವು. ಹತ್ತು ಲಕ್ಷ ಡೋಸಿಗೆ 0.61. ಬ್ರಿಟನ್‌ನಲ್ಲಿ ಇದು 4, ಜರ್ಮನಿಯಲ್ಲಿ 10. ಈ ದರವನ್ನು ನಮ್ಮ 4.33 ಲಕ್ಷಕ್ಕೆ ಹಚ್ಚಿ ನೋಡಿ. ಎಲ್ಲರಿಗೂ ಒಂದು ಡೋಸ್ ಕೊಟ್ಟರೆ ಭಾರತದ ದರದಲ್ಲಿ 0.26, ಅಂದರೆ ಮೂರೂ ತಾಲೂಕಿಗೆ ನಾಲ್ಕು ಸುತ್ತು ಕೊಟ್ಟರೆ ಒಂದು ಪ್ರಕರಣ. ನಮ್ಮಲ್ಲಿ ವರದಿಯಾಗದೆ ಉಳಿಯುವುದು ಹೆಚ್ಚು ಎಂದು ಜರ್ಮನಿಯ ದರವನ್ನೇ ಹಿಡಿದರೂ ನಾಲ್ಕು ಚಿಲ್ಲರೆ. ಅದೂ ಹೆಚ್ಚಾಗಿ ಮೊದಲ ಡೋಸಿನ ನಂತರ, ಬೂಸ್ಟರ್‌ಗಲ್ಲ. ಲಸಿಕೆಯಾದ ಇಪ್ಪತ್ತು ದಿನದೊಳಗೆ ಉಸಿರುಕಟ್ಟುವಿಕೆ, ಎದೆನೋವು, ಕೈಕಾಲು ಊತ, ಚುಚ್ಚಿದ ಜಾಗದಾಚೆಗೂ ಸೂಜಿಮೊನೆಯಷ್ಟು ಕೆಂಪು ಚುಕ್ಕೆ, ಬಿಡದ ಹೊಟ್ಟೆನೋವು, ತಡೆಯಲಾರದ ತಲೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ ಎಂಬ ಸೂಚನೆ ಆಗಲೇ ಹೊರಟಿತ್ತು. ಆ ಆರು ಲಕ್ಷಣಗಳು ಪ್ರತಿ ಮನೆಯ ಗೋಡೆಗೂ ತಲುಪಬೇಕಿತ್ತು.

ಈಗ ಉಳಿದಿರುವ ಭಯ ಲಸಿಕೆಯಿಂದ ಹೃದಯಾಘಾತವಾಗುತ್ತದೆ ಎಂಬುದು. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳು ಸುದ್ದಿಯಾದ ನಂತರ ಅದು ಘಟ್ಟದ ಕೆಳಗೂ ಹಬ್ಬಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನ 729 ಹಠಾತ್ ಸಾವುಗಳನ್ನು 2,916 ಮಂದಿಯ ಜತೆ ಹೋಲಿಸಿ ನೋಡಿದೆ. ಎರಡು ಡೋಸ್ ಪಡೆದವರಲ್ಲಿ ಸಾವಿನ ಸಂಭವ ಶೇ. 42ರಷ್ಟು ಕಡಿಮೆ. ಕೋವಿಡ್ ಬಂದು ಆಸ್ಪತ್ರೆ ಸೇರಿದ್ದವರಲ್ಲಿ 3.8 ಪಟ್ಟು, ಕುಟುಂಬದಲ್ಲಿ ಹಠಾತ್ ಸಾವು ಕಂಡವರಲ್ಲಿ ಎರಡೂವರೆ ಪಟ್ಟು, ಹಿಂದಿನ ಎರಡು ದಿನದಲ್ಲಿ ವಿಪರೀತ ಕುಡಿದವರಲ್ಲಿ ಐದು ಪಟ್ಟು ಹೆಚ್ಚು. ಇಂಥ ಅಪಾಯವಿರುವವರು ಮೂರನೇ ಡೋಸ್ ಯಾವುದಿತ್ತು ಎಂದು ಹಳೆಯ ಸರ್ಟಿಫಿಕೇಟ್ ಹುಡುಕುತ್ತ ಕೂರದೆ, ತಾಲೂಕು ಆಸ್ಪತ್ರೆಗೆ ಹೋಗಿ ಬಿಪಿ, ಸಕ್ಕರೆ, ಇಸಿಜಿ ಮೂರನ್ನೂ ಮಾಡಿಸಿಕೊಳ್ಳಲಿ.