ಬಿಳಿಯ ಕಲ್ಲಿನ ಅಡುಗೆಮನೆ

ಧಾರವಾಡದಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ನಮ್ಮ ಅಣ್ಣನ ಮಗ ಮತ್ತು ಸೊಸೆಯೊಂದಿಗೆ ಹುಬ್ಬಳ್ಳಿಯ ಒಂದು ದೊಡ್ಡ ಮಳಿಗೆಗೆ ಹೋಗುವ ಪ್ರಸಂಗ ಈಚೆಗೆ ನಮಗೊದಗಿತು. ಗೃಹಾಲಂಕಾರದ ಸಾಮಗ್ರಿಗಳನ್ನು ಮಾರುವ ಆ ಮಳಿಗೆಯವರು ಮೂರು ದಿನಗಳ ಪ್ರದರ್ಶನವೊಂದನ್ನು ಏರ್ಪಡಿಸಿ, ವಾಸ್ತುಶಿಲ್ಪಿಗಳು, ಬಡಗಿಗಳು, ಗುತ್ತಿಗೆದಾರರು, ಮನೆ ಕಟ್ಟಿಸುವವರು ಎಲ್ಲರಿಗೂ ಆಮಂತ್ರಣ ಕಳುಹಿಸಿದ್ದರು. ಮಠದ ಪಾಠಶಾಲೆಯಲ್ಲಿ ಚಾಪೆಯ ಮೇಲೆ ಕುಳಿತು ಓದಿ ಬೆಳೆದ ನಮಗೆ ಅಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ನಾವೂ ಹಾಗೆಯೇ ಕೇಳಿದೆವು. ಸೊಸೆ ಬಿಡಲಿಲ್ಲ. "ಮಾವಾರ, ನೀವು ಬಂದು ಇರೂ ಮನೀನೂ ಅದ ಅಲ್ರೀ, ಒಮ್ಮೆ ನೋಡಿ ಬರೂಣು ಬರ್ರಿ" ಎಂದಳು.

ಮಳಿಗೆಯ ಒಳಗೆ ಹಳೆಯ ಪರಿಚಯಗಳು ಅನೇಕ ಭೇಟಿಯಾದವು. ಕಪಾಟಿನ ಬಾಗಿಲುಗಳಿಗೆ ಬೆತ್ತದ ಹೆಣಿಗೆ ಹಾಕಿದ್ದರು. ನಮ್ಮ ಅಜ್ಜನ ಆರಾಮಕುರ್ಚಿಯ ಬೆತ್ತ ಹರಿದಾಗ ಅದನ್ನು ಅಟ್ಟಕ್ಕೆ ಎಸೆದವರು ನಾವೇ. ಈಗ ಅದೇ ಹೆಣಿಗೆಗೆ ಚದರಡಿಯ ಲೆಕ್ಕದಲ್ಲಿ ಬೆಲೆ. ನೆಲಕ್ಕೆ 'ಟೆರಾಝೊ' ಎಂಬ ಹೆಸರಿನಲ್ಲಿ ತೋರಿಸಿದುದು ನಾವು ಬಾಲ್ಯದಲ್ಲಿ ಮೊಸಾಯಿಕ್ ಎಂದು ಕರೆಯುತ್ತಿದ್ದ, ಕಲ್ಲಿನ ಚೂರುಗಳನ್ನು ಸಿಮೆಂಟಿನಲ್ಲಿ ಕೂಡಿಸಿ ತಿಕ್ಕಿದ ನೆಲ. ವೆನಿಸ್ ನಗರದ ಕೆಲಸಗಾರರು ಅಮೃತಶಿಲೆಯ ಅಳಿದುಳಿದ ಚೂರುಗಳನ್ನು ವ್ಯರ್ಥಮಾಡದೆ ಕಂಡುಕೊಂಡ ಉಪಾಯವಿದು. ಕೆಂಪು ಆಕ್ಸೈಡಿನ ನೆಲವೂ ಮರಳಿ ಬಂದಿದೆಯಂತೆ. ಇವುಗಳ ನಡುವೆ ಹಿಡಿಕೆಯಿಲ್ಲದ ಕಪಾಟುಗಳು, ಸದ್ದಿಲ್ಲದೆ ತಾವೇ ಮುಚ್ಚಿಕೊಳ್ಳುವ ಖಾನೆಗಳು, ಜಿಪ್ಸಮ್ ಚಾವಣಿಯ ಅಂಚಿನಲ್ಲಿ ಅಡಗಿದ ಹಳದಿ ದೀಪಗಳು. ಪೂಜೆಯ ಮಂಟಪಗಳು ಹತ್ತಾರು ಬಗೆಯವಿದ್ದವು. ಒಂದರ ಮುಂದೆಯೂ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ನೆಮ್ಮದಿಯಿಂದ ಕುಳಿತುಕೊಳ್ಳುವಷ್ಟು ನೆಲವನ್ನು ಬಿಟ್ಟಿರಲಿಲ್ಲ. ಅದನ್ನು ಸೊಸೆಯೇ ಗಮನಿಸಿದಳು.

ಆಕೆಯ ಮನಸ್ಸೆಲ್ಲ ಅಡುಗೆಮನೆಯ ವಿಭಾಗದಲ್ಲಿತ್ತು. ಅಳತೆಗೆ ಸರಿಯಾಗಿ ಜೋಡಿಸುವ ಈ ಮಾಡ್ಯುಲರ್ ಅಡುಗೆಮನೆಯನ್ನು ಸಿರಿವಂತರ ಷೋಕಿಯೆಂದು ನಾವು ತಿಳಿದಿದ್ದೆವು. ಅದು ನಮ್ಮ ತಪ್ಪು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕರ ವಸತಿಗಳಿಗಾಗಿ ಮಾರ್ಗರೇಟ್ ಶ್ಯೂಟ್ಟೆ-ಲಿಹೋಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿ ರೂಪಿಸಿದ ಪುಟ್ಟ ಅಡುಗೆಮನೆಯೇ ಇದರ ಮೂಲ. ದುಡಿಯುವ ಹೆಂಗಸಿನ ನಡೆದಾಟ ಕಡಿಮೆಯಾಗಲಿ, ಒಲೆ, ನೀರು, ಪಾತ್ರೆಗಳು ಕೈಗೆಟುಕುವಂತಿರಲಿ ಎಂಬುದು ಆಕೆಯ ಆಶಯವಾಗಿತ್ತು. ಅಂಥ ಸುಮಾರು ಹತ್ತು ಸಾವಿರ ಅಡುಗೆಮನೆಗಳು ಅಲ್ಲಿ ನಿರ್ಮಾಣಗೊಂಡವು.

ಒಲೆಯ ಕಟ್ಟೆಗೆ ಹಾಸಿದ ಹಾಲಿನಂಥ ಬಿಳಿಯ ಕಲ್ಲಿನ ಬಳಿ ಸೊಸೆ ನಿಂತುಬಿಟ್ಟಳು. ಮಾರುವ ಯುವಕ ಅದರ ಮೇಲೆ ಅರಿಸಿನದ ನೀರನ್ನು ಸುರಿದು ಒರೆಸಿ ತೋರಿಸಿದ, ಕಲೆ ನಿಲ್ಲಲಿಲ್ಲ. ಇದಕ್ಕೆ ಕ್ವಾರ್ಟ್ಜ್ ಎಂದು ಹೆಸರು. ನಮ್ಮ ಹೊಲಗಳ ಬದುವಿನಲ್ಲಿ ಬಿದ್ದಿರುವ ಬೆಣಚುಕಲ್ಲೇ ಅದು. ಅದನ್ನು ಪುಡಿಮಾಡಿ, ಅಂಟು ರಾಳ ಮತ್ತು ಬಣ್ಣವನ್ನು ಸೇರಿಸಿ, ಯಂತ್ರದಲ್ಲಿ ಒತ್ತಿ ಹಲಗೆಯಾಗಿಸುತ್ತಾರೆ. ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ಬೆಣಚು. ಬಿಸಿ ಪಾತ್ರೆಯನ್ನು ನೇರವಾಗಿ ಇಟ್ಟರೆ ರಾಳ ಸುಟ್ಟು ಗುರುತು ಉಳಿಯುತ್ತದೆಂಬುದನ್ನು ಆ ಯುವಕನೇ ಪ್ರಾಮಾಣಿಕವಾಗಿ ಹೇಳಿದ.

ಅವರು ಬೆಲೆಯ ಮಾತಿಗೆ ತೊಡಗಿದಾಗ ನಾವು ಚಹಾ ಕುಡಿಯಲೆಂದು ಹಿಂಬಾಗಿಲಿನಿಂದ ಹೊರಗೆ ಬಂದೆವು. ಅಲ್ಲಿ, ತಗಡಿನ ಚಪ್ಪರದ ಕೆಳಗೆ, ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಅದೇ ಕಲ್ಲನ್ನು ಕೈಯಂತ್ರದಿಂದ ಒಣಗಿದ್ದಂತೆಯೇ ಕೊಯ್ಯುತ್ತಿದ್ದ. ಬಾಯಿಗೆ ಒಂದು ಕರವಸ್ತ್ರ. ಹುಬ್ಬು, ತಲೆಗೂದಲು, ಅಂಗಿ ಎಲ್ಲವೂ ಜೋಳದ ಹಿಟ್ಟಿನ ಗಿರಣಿಯವನಂತೆ ಬೆಳ್ಳಗಾಗಿದ್ದವು. ಎಷ್ಟು ವರ್ಷದಿಂದ ಈ ಕೆಲಸವೆಂದು ಕೇಳಿದೆವು. "ಮೂರು ವರ್ಷ ಆತ್ರಿ ಅಜ್ಜಾರ" ಎಂದು ಹೇಳಿ ಕೆಮ್ಮಿದ. ಆ ಕೆಮ್ಮು ಬರಿಯ ನೆಗಡಿಯದೂ ಇರಬಹುದು. ಆದರೂ ನಮಗೆ ಚಹಾ ಸೇರಲಿಲ್ಲ.

ಹಿಟ್ಟಿಗೂ ಈ ಧೂಳಿಗೂ ಹೋಲಿಕೆ ಬಣ್ಣದಲ್ಲಿ ಮಾತ್ರ. ಬೆಣಚಿನಲ್ಲಿರುವುದು ಸಿಲಿಕ. ಅದರ ಅತಿ ಸೂಕ್ಷ್ಮ ಕಣಗಳು ಕಣ್ಣಿಗೆ ಕಾಣುವುದಿಲ್ಲ, ಕರವಸ್ತ್ರಕ್ಕೆ ನಿಲ್ಲುವುದಿಲ್ಲ. ಶ್ವಾಸಕೋಶದ ಆಳಕ್ಕಿಳಿದು ಅಲ್ಲಿಯೇ ನೆಲೆಸಿ ಗಂಟುಗಟ್ಟಿಸುತ್ತವೆ. ಸಿಲಿಕೋಸಿಸ್ ಎಂಬ ಈ ವ್ಯಾಧಿಯನ್ನು ಗುಣಪಡಿಸುವ ಔಷಧವಿಲ್ಲ. ನಮ್ಮ ದೇಶದಲ್ಲಿ ಇದನ್ನು ಕ್ಷಯವೆಂದೇ ತಪ್ಪಾಗಿ ಭಾವಿಸುವುದುಂಟು. ಈ ರೋಗವಿದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಗ್ರಾನೈಟಿನಲ್ಲಿಯೂ ಸಿಲಿಕವಿದೆ, ಸಾಮಾನ್ಯವಾಗಿ ಮೂರನೆಯ ಒಂದು ಭಾಗದ ಆಸುಪಾಸು. ಕಲ್ಲುಕುಟಿಗರಿಗೆ ದಶಕಗಳ ದುಡಿಮೆಯ ಬಳಿಕ ಕಾಣುತ್ತಿದ್ದ ಬೇನೆ, ಈ ಕೃತಕ ಶಿಲೆಯನ್ನು ಕೊಯ್ಯುವವರಲ್ಲಿ ಕೆಲವೇ ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತಿದೆ. 2012ರಲ್ಲಿ ಇಸ್ರೇಲಿನ ವೈದ್ಯರು ಇಂಥ 25 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಬಳಿಕ ಸ್ಪೇನ್, ಆಸ್ಟ್ರೇಲಿಯ, ಕ್ಯಾಲಿಫೋರ್ನಿಯಗಳಿಂದಲೂ ಅದೇ ವಾರ್ತೆ ಬಂದಿತು. ಆಸ್ಟ್ರೇಲಿಯ ದೇಶವಂತೂ 2024ರ ಜುಲೈ 1ರಿಂದ ಈ ಶಿಲೆಯ ಬಳಕೆಯನ್ನೇ ನಿಷೇಧಿಸಿತು. ರಾಜಸ್ಥಾನ ಸರಕಾರ ಕಲ್ಲಿನ ಧೂಳಿನಿಂದ ಬರುವ ರೋಗಗಳಿಗಾಗಿ 2019ರಲ್ಲಿ ಒಂದು ನೀತಿಯನ್ನು ರೂಪಿಸಿದುದೂ ಉಲ್ಲೇಖನೀಯ.

ಅಡುಗೆಮನೆಯಲ್ಲಿ ಈ ಕಲ್ಲನ್ನು ಹಾಸಿಕೊಂಡ ಗೃಹಿಣಿಯರು ಭಯಪಡಬೇಕಾಗಿಲ್ಲ. ಜೋಡಿಸಿದ ಮೇಲೆ ಅದು ಧೂಳು ಬಿಡುವುದಿಲ್ಲ. ಅಪಾಯವಿರುವುದು ಕೊಯ್ಯುವಾಗ, ತೂತು ಕೊರೆಯುವಾಗ, ಅಂಚು ತಿಕ್ಕುವಾಗ. ನಮ್ಮ ಮನೆಯಲ್ಲಿಯೇ ಕುಳಿತು ಕೊಯ್ದರೆ ಮಕ್ಕಳು ಮರಿಗಳಿಗೂ ಅದು ತಪ್ಪದು. ಕಾರ್ಖಾನೆಯಲ್ಲಿ ನೀರು ಹರಿಸುತ್ತ ಕೊಯ್ದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಅದರೊಡನೆ ಧೂಳನ್ನೆಳೆಯುವ ಯಂತ್ರವೂ ಸರಿಯಾದ ಮುಖಕವಚವೂ ಬೇಕು. ಚೆಲ್ಲಿದ ರಾಡಿಯನ್ನು ಹಸಿಯಿರುವಾಗಲೇ ತೊಳೆಯಬೇಕು, ಒಣಗಿದರೆ ಮತ್ತೆ ಧೂಳೇ. ಇದಕ್ಕೆ ಖರ್ಚುಂಟು, ಸಮಯವುಂಟು. ಆದುದರಿಂದಲೇ ಕೊಳ್ಳುವವರು ಕೇಳದ ಹೊರತು ಮಾರುವವರು ಮಾಡುವುದು ಅಪರೂಪ.

ಒಳಗೆ ಹೋಗಿ ಸೊಸೆಗೆ ಎಲ್ಲವನ್ನೂ ತಿಳಿಸಿದೆವು. ಬಿಳಿಯ ಕಲ್ಲಿನ ಮೇಲೆ ಕೈಯಾಡಿಸುತ್ತ ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಎಷ್ಟೋ ದಿನಗಳಿಂದ ಬಯಸಿದ ವಸ್ತು, ನಮಗೂ ಪಾಪವೆನಿಸಿತು. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿಯದು, ಬೆಲೆಯೂ ಕಡಿಮೆ ಎಂದು ನಾವು ಸೂಚಿಸಿದೆವು. "ಹುಣಸೀಹುಳಿ ಬಿದ್ದರ ಮಬ್ಬ ಆಗತೈತ್ರಿ ಮಾವಾರ, ತವರಮನ್ಯಾಗ ನೋಡೇನಿ" ಎಂದಳು. ಈ ವಿಷಯದಲ್ಲಿ ಆಕೆಯೇ ಬಲ್ಲವಳು.

ಕೊನೆಗೆ ಕಪ್ಪು ಗ್ರಾನೈಟು ನಿಶ್ಚಯವಾಯಿತು. ಮಾಲಕರನ್ನೇ ಕರೆಸಿ, ಸಿಂಕಿನ ತೂತೂ ಸೇರಿದಂತೆ ಎಲ್ಲ ಕೊಯ್ತವೂ ಕಾರ್ಖಾನೆಯಲ್ಲಿ ನೀರಿನೊಡನೆಯೇ ಆಗಬೇಕು, ಮನೆಯಲ್ಲಿ ಯಂತ್ರ ಹಚ್ಚಕೂಡದು ಎಂದು ಆಕೆ ಹೇಳಿದಳು. ಅವರು ಮೊದಲು ನಕ್ಕರು. ಆಮೇಲೆ, ಅಳತೆ ತಪ್ಪಿದರೆ ಜವಾಬ್ದಾರಿ ತಮ್ಮದಲ್ಲವೆಂದೂ ಸಾಗಣೆಗೆ ಬೇರೆ ಹಣವಾಗುವುದೆಂದೂ ಎಚ್ಚರಿಸಿದರು. ನಮ್ಮ ಅಣ್ಣನ ಮಗ ಗಡಿಯಾರ ನೋಡಿಕೊಂಡ. ಸೊಸೆ ಮಾತ್ರ ಬೇಡಿಕೆಯ ಚೀಟಿಯನ್ನು ತನ್ನ ಕಡೆಗೆ ಎಳೆದುಕೊಂಡು, ಕೆಳಗಿನ ಖಾಲಿ ಜಾಗದಲ್ಲಿ ಆ ಕರಾರನ್ನು ಕನ್ನಡದಲ್ಲಿಯೇ ಬರೆದು, ಅವರ ಸಹಿಗಾಗಿ ಲೇಖನಿಯನ್ನು ಮುಂದೆ ಹಿಡಿದಳು.