ನಾಯಿಗಳ ಉಣುಗುಜ್ವರವೂ ಅದರಿಂದ ರಕ್ತದಲ್ಲಾಗುವ ಮಾರ್ಪಾಡುಗಳೂ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ರೈತರಲ್ಲಿ ದನಕರುಗಳ ಕಾಯಿಲೆಯನ್ನು ಅಲಕ್ಷ್ಯ ಮಾಡುವವರು ವಿರಳ. ನಾಯಿಯ ವಿಷಯದಲ್ಲಿ ಮಾತ್ರ ಈ ಎಚ್ಚರಿಕೆ ಕಾಣುವುದಿಲ್ಲ. ಕುರಿಹಟ್ಟಿಯನ್ನೂ ತೆಂಗಿನ ತೋಟವನ್ನೂ ಕಾಯುವ ನಾಯಿಯು ನಾಲ್ಕು ದಿನ ಕೂಳು ಬಿಟ್ಟರೆ ಉಷ್ಣವಾಗಿದೆಯೆಂದು ಮಜ್ಜಿಗೆ ಹುಯ್ದು ಸುಮ್ಮನಾಗುವುದೇ ವಾಡಿಕೆ. ಅಂಥ ನಾಯಿಯು ಮತ್ತೆ ಚೇತರಿಸಿಕೊಂಡಂತೆ ತೋರಿ, ಕೆಲವು ತಿಂಗಳ ತರುವಾಯ ಮೂಗಿನಿಂದ ರಕ್ತ ಸೋರಿ ಸಾಯುವುದುಂಟು. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಉಣುಗುಗಳಿಂದ ಹರಡುವ ಎರ್ಲಿಕಿಯಾ ರೋಗವು.

ಈ ರೋಗದ ಬ್ಯಾಕ್ಟೀರಿಯಾವನ್ನು ೧೯೩೫ರಲ್ಲಿ ಅಲ್ಜೀರಿಯಾ ದೇಶದಲ್ಲಿ ದೊನಾತಿಯೆಂ ಮತ್ತು ಲೆಸ್ತೊಕಾರ್ ಎಂಬ ವಿದ್ವಾಂಸರು ಮೊದಲು ವರ್ಣಿಸಿದರು. ವಿಯೆಟ್ನಾಂ ಯುದ್ಧಕಾಲದಲ್ಲಿ, ೧೯೬೮ರಿಂದೀಚೆಗೆ, ಅಮೆರಿಕದ ಸೇನೆಯ ನಾಯಿಗಳು ನೂರಾರು ಸಂಖ್ಯೆಯಲ್ಲಿ ಇದಕ್ಕೆ ತುತ್ತಾದುವು. ನಾಯಿಯ ಮೈಗೆ ಹತ್ತುವ ಕಂದುಬಣ್ಣದ ಉಣುಗು ಇದನ್ನು ಒಯ್ಯುತ್ತದೆ. ಸೋಂಕು ತಗುಲಿದ ತಾಯಿಯ ಮೊಟ್ಟೆಗಳ ಮೂಲಕ ರೋಗವು ಮರಿಗಳಿಗೆ ಇಳಿಯುವುದಿಲ್ಲ. ಮರಿಯು ರೋಗಿಷ್ಠ ನಾಯಿಯ ರಕ್ತವನ್ನು ಹೀರಿ, ಕೆಳಗುದುರಿ, ಪೊರೆ ಬಿಟ್ಟು, ಮತ್ತೊಂದು ನಾಯಿಗೆ ಹತ್ತಿದಾಗಲೇ ರೋಗವನ್ನು ದಾಟಿಸುವುದು.

ಕಚ್ಚಿದ ೮ರಿಂದ ೨೦ ದಿನಗಳಲ್ಲಿ ಜ್ವರ ಬರುತ್ತದೆ. ಎರಡು ನಾಲ್ಕು ವಾರಗಳಲ್ಲಿ ಜ್ವರವಿಳಿದು ನಾಯಿಯು ಎಂದಿನಂತೆ ಬೊಗಳತೊಡಗುತ್ತದೆ. ಆದರೆ ರೋಗಾಣುವು ಗುಲ್ಮದಲ್ಲಿ ಅಡಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯಬಲ್ಲದು. ಈ ಅವಧಿಯಲ್ಲಿ ಮೈ ಸುಳ್ಳು ಹೇಳುತ್ತದೆ. ನಿಜವನ್ನು ತಿಳಿಯಬೇಕಾದರೆ ರಕ್ತವನ್ನೇ ನೋಡಬೇಕು.

ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಆರೋಗ್ಯವಾದ ನಾಯಿಯಲ್ಲಿ ಘನ ಮಿಲಿಮೀಟರಿಗೆ ಸುಮಾರು ೨ರಿಂದ ೫ ಲಕ್ಷದವರೆಗೆ ಇರುತ್ತವೆ. ಈ ರೋಗದಲ್ಲಿ ಅವು ಒಂದು ಲಕ್ಷಕ್ಕೂ ಕೆಳಗಿಳಿಯುವುದು ಸಾಮಾನ್ಯ. ಉಳಿದ ಕಣಗಳೂ ತಮ್ಮ ಕೆಲಸವನ್ನು ಸರಿಯಾಗಿ ಮಾಡವು. ಆದಕಾರಣ ಮನುಷ್ಯರ ಆಸ್ಪಿರಿನ್ ಮುಂತಾದ ನೋವುಗುಳಿಗೆಗಳನ್ನು ಇಂಥ ನಾಯಿಗೆ ಎಂದಿಗೂ ಕೊಡಕೂಡದು; ಸೋರುವ ರಕ್ತವು ಮತ್ತಷ್ಟು ಸೋರುತ್ತದೆ.

ಇನ್ನು ರಕ್ತದ ದ್ರವಭಾಗದ ವಿಚಾರ. ಇದರಲ್ಲಿ ಆಲ್ಬುಮಿನ್ ಮತ್ತು ಗ್ಲಾಬ್ಯುಲಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ಮೊದಲನೆಯದು ಪಿತ್ತಜನಕಾಂಗದಲ್ಲಿ ತಯಾರಾಗಿ, ನೀರು ರಕ್ತನಾಳಗಳಿಂದ ಹೊರಗೆ ಒಸರದಂತೆ ಹಿಡಿದಿಡುತ್ತದೆ. ಎರಡನೆಯದರಲ್ಲಿ ರೋಗದೊಡನೆ ಹೋರಾಡುವ ಅಂಶಗಳು ಸೇರಿವೆ. ರೋಗವು ಹಳೆಯದಾದಂತೆ ಗ್ಲಾಬ್ಯುಲಿನ್ ಮಿತಿಮೀರಿ ಬೆಳೆಯುತ್ತದೆ, ಆಲ್ಬುಮಿನ್ ಕುಗ್ಗುತ್ತದೆ. ಉದಾಹರಣೆಗೆ, ೧೦೦ ಮಿಲಿಲೀಟರಿನಲ್ಲಿ ೩.೨ ಗ್ರಾಂ ಆಲ್ಬುಮಿನ್, ೩.೬ ಗ್ರಾಂ ಗ್ಲಾಬ್ಯುಲಿನ್ ಇದ್ದ ನಾಯಿಯಲ್ಲಿ ಅವು ೧.೯ ಮತ್ತು ೫.೧ ಆದುವೆಂದು ಭಾವಿಸಿರಿ. ಒಟ್ಟು ಮೊತ್ತವು ೬.೮ ಇದ್ದುದು ೭ ಆಯಿತು. ಒಟ್ಟು ಮೊತ್ತವನ್ನಷ್ಟೇ ಓದಿದವನು ನಾಯಿಯು ಪುಷ್ಟವಾಗಿದೆಯೆನ್ನುವನು, ಕಾಲುಗಳಾದರೋ ಬಾತುಕೊಳ್ಳಲಾರಂಭಿಸಿರುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ತೋರಿಸುವ ವರದಿಯನ್ನೇ ಕೇಳತಕ್ಕದ್ದು. ಈ ಕೊರತೆಯು ಆಹಾರದ ಕೊರತೆಯಲ್ಲ. ಆಲ್ಬುಮಿನ್ ಮೂತ್ರಪಿಂಡದ ಮೂಲಕವೂ ನಾಳಗಳ ಗೋಡೆಯ ಮೂಲಕವೂ ಸೋರಿಹೋಗುತ್ತಿರುವಾಗ ಮೊಟ್ಟೆ ಮಾಂಸಗಳನ್ನು ಎಷ್ಟು ತಿನ್ನಿಸಿದರೂ ಅದಷ್ಟರಿಂದಲೇ ನೀಗದು. ಪಿತ್ತಜನಕಾಂಗದ ಕಿಣ್ವಗಳು ಸ್ವಲ್ಪ ಏರುವುದುಂಟು. ಯೂರಿಯಾ, ಕ್ರಿಯಾಟಿನಿನ್ ಇವೆರಡೂ ಏರಿದ್ದರೆ ಮೂತ್ರಪಿಂಡವು ಕೆಟ್ಟಿರುವ ಸಂಭವವಿದ್ದು, ಗುಣವಾಗುವ ಆಸೆ ಕಡಮೆ.

ಇವೇ ಮಾರ್ಪಾಡುಗಳಲ್ಲಿ ಕೆಲವು ಬೇರೆ ರೋಗಗಳಲ್ಲಿಯೂ ತೋರುತ್ತವೆ. ಉಣುಗಿನಿಂದಲೇ ಬರುವ ಬೆಬೀಸಿಯಾ ರೋಗಕ್ಕೆ ಔಷಧವೇ ಬೇರೆ. ಆದ್ದರಿಂದ ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ವೈದ್ಯರು ಹೇಳಿದರೆ ಮುಂದಿನ ಪರೀಕ್ಷೆಗಳನ್ನೂ ಮಾಡಿಸಬೇಕು. ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇರುವುದರಿಂದ ಈ ನಾಲ್ಕು ತಾಲ್ಲೂಕುಗಳವರಿಗೆ ಇದು ದೂರದ ಮಾತಲ್ಲ.

ಔಷಧವು ಡಾಕ್ಸಿಸೈಕ್ಲಿನ್. ವಾಡಿಕೆಯ ಪ್ರಮಾಣವು ನಾಯಿಯ ತೂಕದ ಕಿಲೋಗ್ರಾಮಿಗೆ ದಿನಕ್ಕೆ ೧೦ ಮಿಲಿಗ್ರಾಂ, ೨೮ ದಿನ. ಪಶುವೈದ್ಯರು ಬರೆದುಕೊಟ್ಟಂತೆಯೇ, ಆಹಾರದೊಡನೆ ಕೊಡಬೇಕು. ಹೊಸ ರೋಗವಾದರೆ ಎರಡು ಮೂರು ದಿನಗಳಲ್ಲಿಯೇ ನಾಯಿಯು ಲವಲವಿಕೆಯಿಂದ ಓಡಾಡುತ್ತದೆ. ಬಹುಮಂದಿ ಔಷಧವನ್ನು ನಿಲ್ಲಿಸಿಬಿಡುವುದು ಆಗಲೇ, ನಾಯಿಯನ್ನು ಕಳೆದುಕೊಳ್ಳುವುದೂ ಅದರಿಂದಲೇ. ಪ್ಲೇಟ್‌ಲೆಟ್ಟುಗಳು ಸಾಮಾನ್ಯವಾಗಿ ಎರಡು ವಾರಗಳಲ್ಲಿ ಏರುತ್ತವೆ. ಗ್ಲಾಬ್ಯುಲಿನ್ ಇಳಿಯಲು ತಿಂಗಳುಗಳೇ ಬೇಕು. ಒಮ್ಮೆ ಗುಣವಾದ ನಾಯಿಗೂ ಈ ರೋಗ ಪುನಃ ತಗುಲಬಹುದು.

ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ನಾಯಿಯ ಮೈಗೆ ಬಳಿಯುವ ದುರಭ್ಯಾಸವೊಂದುಂಟು. ಉಣುಗಿಗಿಂತ ಮೊದಲು ನಾಯಿಯೇ ಸತ್ತೀತು. ವೈದ್ಯರು ಕೊಡುವ ಉಣುಗಿನ ಔಷಧವನ್ನೇ ಉಪಯೋಗಿಸಿರಿ. ಹಿಡಿದ ಉಣುಗನ್ನು ಬೆರಳಿನಿಂದ ಹೊಸೆಯದೆ ಸೀಮೆಎಣ್ಣೆಯಲ್ಲಿ ಹಾಕಿರಿ. ಉಣುಗು ಮೊಟ್ಟೆಯಿಡುವುದು ಗೋಡೆಯ ಬಿರುಕುಗಳಲ್ಲಿ. ಒಂದೊಂದು ಹೆಣ್ಣೂ ಸಾವಿರಾರು ಮೊಟ್ಟೆಗಳನ್ನಿಡುವುದರಿಂದ ನಾಯಿ ಮಲಗುವ ಜಗಲಿ, ಹಟ್ಟಿಗಳ ಸಂದುಗಳನ್ನು ಗಾರೆಯಿಂದ ಮುಚ್ಚಿಸತಕ್ಕದ್ದು. ಒಂದು ಮನೆಯವರು ಮಾಡಿ ನೆರೆಯವರು ಬಿಟ್ಟರೆ ಫಲವಿಲ್ಲವಾದ ಕಾರಣ, ಊರ ಯಜಮಾನರು ಬೀದಿಬೀದಿಯಾಗಿ ಒಂದೇ ವಾರದಲ್ಲಿ ಈ ಕೆಲಸ ನಡೆಯುವಂತೆ ಏರ್ಪಡಿಸಬೇಕು.